ನಾರ್ವೆಯ ವಸತಿ ಶಾಲೆಯಲ್ಲಿ ನಾರ್ವೇಜಿಯನ್ ಕಲಿಯುವುದು

ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ ಕಡೆಯ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ. ನಾರ್ವೆಗೆ ಓದಲು ಹೋದರೆ ಅಲ್ಲಿಯ ಭಾಷೆಯೂ ತಾನಾಗಿ ಬಂದುಬಿಡುತ್ತದೆ ಎಂದು ಪಾಲಕರು ತಿಳಿಯುವುದು ಸಹಜ. ಆದರೆ ಎರಡು ವರ್ಷ ಅಲ್ಲಿದ್ದೂ ಭಾಷೆ ಬಾರದೆ ಮರಳಬಹುದು. ಸೇರುವ ಶಾಲೆ ಯಾವುದು ಎಂಬುದನ್ನು ಮೊದಲು ನೋಡಬೇಕು.

ಪಶ್ಚಿಮ ನಾರ್ವೆಯ ಫ್ಲೆಕ್ಕೆ ಎಂಬ ಹಳ್ಳಿಯಲ್ಲಿ 1995ರಿಂದ ಯುಡಬ್ಲ್ಯೂಸಿ ರೆಡ್‌ಕ್ರಾಸ್ ನಾರ್ಡಿಕ್ ಎಂಬ ವಸತಿ ಕಾಲೇಜಿದೆ. ಪುಣೆ ಹತ್ತಿರದ ಮಹೀಂದ್ರ ಕಾಲೇಜು ಇದೇ ಬಳಗದ್ದು. ಎರಡು ವರ್ಷದ ಐಬಿ ಡಿಪ್ಲೊಮಾ, ಪಾಠ ಇಂಗ್ಲಿಷಿನಲ್ಲಿ. ಹಲವು ದೇಶದ ಮಕ್ಕಳು ಒಟ್ಟಿಗಿರುವುದರಿಂದ ಕೋಣೆಯಲ್ಲೂ ಊಟದ ಮನೆಯಲ್ಲೂ ಇಂಗ್ಲಿಷೇ. ನಾರ್ವೇಜಿಯನ್ ಬೇಕೆಂದರೆ ಆವರಣ ದಾಟಿ ಊರವರ ಜೊತೆ ಬೆರೆಯಬೇಕು.

ಇನ್ನೊಂದು ಬಗೆ ಫೋಲ್ಕೆಹೋಗ್‌ಸ್ಕೂಲೆ. ಡೆನ್ಮಾರ್ಕಿನ ಗ್ರುಂಟ್‌ವಿಗ್ ಅವರ ವಿಚಾರದಿಂದ ಹುಟ್ಟಿದ ಈ ಶಾಲೆ ನಾರ್ವೆಯಲ್ಲಿ 1864ರಲ್ಲಿ ಹಾಮಾರ್ ಪಟ್ಟಣದಲ್ಲಿ ಆರಂಭವಾಯಿತು. ನಮ್ಮ ನಂಜನಗೂಡಿನ ವಿದ್ಯಾಪೀಠಕ್ಕೂ ಇದೇ ಮಾದರಿ. ಪರೀಕ್ಷೆ ಇಲ್ಲ, ಅಂಕ ಇಲ್ಲ, ಸಾಮಾನ್ಯವಾಗಿ ಒಂದು ವರ್ಷ, 18 ತುಂಬಿದವರಿಗೆ. ಬೋಧನಾ ಶುಲ್ಕವಿಲ್ಲದಿದ್ದರೂ ಊಟ, ವಸತಿ, ಪ್ರವಾಸದ ಖರ್ಚು ಸಣ್ಣದಲ್ಲ. ಸರ್ಟಿಫಿಕೇಟಿನ ಆಸೆ ಇರುವವರಿಗೆ ಇದು ಸಲ್ಲದು. ಆದರೆ ಕೋಣೆಯ ಗೆಳೆಯ ನಾರ್ವೆಯವನೇ ಆಗಿರುವುದು ಹೆಚ್ಚು. ಭಾಷೆ ಬರುವುದು ಇಲ್ಲಿ.

ಭಾಷೆ ಅಷ್ಟೇನೂ ಕಠಿಣವಲ್ಲ. ಕ್ರಿಯಾಪದ ಎಲ್ಲರಿಗೂ ಒಂದೇ: ಯಾಯ್ ಸ್ನಾಕ್ಕರ್ (ನಾನು ಮಾತಾಡುತ್ತೇನೆ), ದು ಸ್ನಾಕ್ಕರ್ (ನೀನು ಮಾತಾಡುತ್ತೀ). ‘ಹೂಸ್’ ಎಂದರೆ ಮನೆ, ‘ಹೂಸೆ’ ಎಂದರೆ ಆ ಮನೆ. ಪ್ರತ್ಯಯ ಕೊನೆಗೆ ಸೇರುವುದು ಕನ್ನಡಿಗರಿಗೆ ಹೊಸದಲ್ಲ. ವಸ್ತುಗಳಿಗೂ ಮೂರು ಲಿಂಗ. ಬೆಂಗಳೂರಿನ ಹುಡುಗ ಇಲ್ಲಿ ತಡವರಿಸಬಹುದು, ಮರಾಠಿಯ ತೋ, ತೀ, ತೇ ಕಲಿತ ನಮ್ಮ ಮಕ್ಕಳಿಗೆ ತೊಂದರೆಯಿಲ್ಲ. ರಾಗ ಮಾತ್ರ ಕಾಡುತ್ತದೆ: ರೈತರು ಎಂಬುದಕ್ಕೂ ಬೀನ್ಸ್ ಎಂಬುದಕ್ಕೂ ಉಚ್ಚಾರ ಹೆಚ್ಚುಕಡಿಮೆ ‘ಬೊನ್ನರ್’, ದನಿಯ ಏರಿಳಿತದಿಂದಲೇ ಅರ್ಥ ಬೇರೆ. ಮೇಷ್ಟ್ರಿಗೂ ‘ದು’, ಅಂದರೆ ನೀನು. ಸರ್ ಎನ್ನದೆ ಹೆಸರು ಹಿಡಿದು ಕರೆಯಬೇಕು. ನಮ್ಮವರ ನಾಲಿಗೆ ಇದಕ್ಕೆ ಬೇಗ ಏಳುವುದಿಲ್ಲ.

ಗೊಂದಲವಿರುವುದು ಬರಹದಲ್ಲಿ. ಬರೆಯುವ ನಾರ್ವೇಜಿಯನ್ ಎರಡು. ಡೇನಿಶ್ ಬರಹದಿಂದ ಬೆಳೆದ ಬೊಕ್ಮೋಲ್ ಹೆಚ್ಚು ಜನರದು. ಹೊರಗಿನವರ ಪಠ್ಯಪುಸ್ತಕಗಳೂ ಸಾಮಾನ್ಯವಾಗಿ ಅದರಲ್ಲೇ. ಇನ್ನೊಂದು ನೀನೊಷ್ಕ್. ರೈತರ ಮನೆಯಲ್ಲಿ ಹುಟ್ಟಿದ ಈವರ್ ಓಸೆನ್ (1813–1896) ಹಳ್ಳಿಹಳ್ಳಿ ಸುತ್ತಿ ಆಡುಮಾತು ಕೂಡಿಸಿ ಕಟ್ಟಿದ್ದು. 1885ರಲ್ಲಿ ಸಂಸತ್ತು ಎರಡಕ್ಕೂ ಸಮಾನ ಸ್ಥಾನ ಕೊಟ್ಟಿತು. ಅದಕ್ಕೂ ಮೊದಲು, 1878ರಲ್ಲೇ, ಪ್ರಾಥಮಿಕ ಪಾಠ ಆದಷ್ಟೂ ಮಕ್ಕಳ ಆಡುಮಾತಿನಲ್ಲಿ ನಡೆಯಬೇಕೆಂದು ಠರಾವು ಆಗಿತ್ತು. ‘ನಿಮ್ಮದು ಶುದ್ಧ ಕನ್ನಡವಲ್ಲ’ ಎಂದು ಕೇಳಿ ಬೆಳೆದ ಗಡಿಯವರು ಇದನ್ನು ಓದಿಕೊಳ್ಳಬೇಕು. ಫ್ಲೆಕ್ಕೆ ಇರುವ ಫ್ಯಾಲೆರ್ ಪುರಸಭೆಯ ಬರಹ ನೀನೊಷ್ಕ್. ಪುಸ್ತಕದಲ್ಲಿ ‘ನಾನು’ ಎಂಬುದಕ್ಕೆ ‘ಯಾಯ್’ ಎಂದು ಕಲಿತ ಹುಡುಗಿಗೆ ಊರಿನ ಫಲಕದಲ್ಲಿ ‘ಎಗ್’ ಕಂಡರೆ ತಪ್ಪು ಕಲಿತೆನೇ ಎನ್ನಿಸುತ್ತದೆ. ಎರಡೂ ಸರಿ.

ಮುಂದೆ ಅಲ್ಲೇ ಪದವಿ ಓದುವ ಯೋಚನೆಯಿದ್ದರೆ ಎರಡು ಸಂಗತಿ. ಹೆಚ್ಚಿನ ಪದವಿ ತರಗತಿಗಳು ನಾರ್ವೇಜಿಯನ್‌ನಲ್ಲಿ ನಡೆಯುತ್ತವೆ, ಸಾಮಾನ್ಯವಾಗಿ ಬಿ2 ಮಟ್ಟ ಕೇಳುತ್ತಾರೆ. 2023ರಿಂದ ಯುರೋಪಿನ ಹೊರಗಿನವರಿಗೆ ಸರಕಾರಿ ವಿಶ್ವವಿದ್ಯಾಲಯಗಳಲ್ಲೂ ಶುಲ್ಕವಿದೆ. ‘ನಾರ್ವೆಯಲ್ಲಿ ಓದು ಪುಕ್ಕಟೆ’ ಎನ್ನುವ ಏಜೆಂಟರ ಮಾತು ಹಳೆಯದು. ಭಾಷೆ ಹೇಗಿದೆ ನೋಡಬೇಕೆನ್ನುವವರು ಟ್ರೋನ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಪಾಠವನ್ನು ಮನೆಯಲ್ಲೇ ಕುಳಿತು ಆರಂಭಿಸಬಹುದು.