ಮೂತ್ರಾಂಗದ ಕಲ್ಲು: ಕಿರುಗಾಯದ ಚಿಕಿತ್ಸೆಗಳು

ಮೂತ್ರಪಿಂಡ ಅಥವಾ ಮೂತ್ರನಾಳದಲ್ಲಿ ಕಟ್ಟಿಕೊಂಡ ಕಲ್ಲನ್ನು ಪಕ್ಕೆ ಕೊಯ್ಯದೆ ಒಡೆದು ಹೊರಹಾಕುವ ವಿಧಾನಗಳಿವು. ಆಘಾತ ತರಂಗ, ದೂರ್ಬೀನು, ಬೆನ್ನಿನ ಕಿರುರಂಧ್ರ ಎಂಬ ಮೂರು ದಾರಿಗಳು ಹಳೆಯ ತೆರೆದ ಶಸ್ತ್ರಕ್ರಿಯೆಯನ್ನು ಬಹುಮಟ್ಟಿಗೆ ಹಿಂದಕ್ಕೆ ಸರಿಸಿವೆ.

ಮಲ್ಪೆಯಂಥ ಬಂದರಿನಲ್ಲಿ ಈ ಕಾಯಿಲೆಗೆ ಬೇರೆಯೇ ತೂಕ. ಆಳಸಮುದ್ರದ ಬೋಟು ಹೊರಟರೆ ವಾರ-ಹತ್ತು ದಿನ ದಡಕ್ಕೆ ಬರುವುದಿಲ್ಲ. ಮೇಲೆ ಬಿಸಿಲು, ಕೆಳಗೆ ಎಂಜಿನ್ನಿನ ಕಾವು, ಕುಡಿಯಲು ತುಂಬಿಕೊಂಡು ಹೋದಷ್ಟೇ ನೀರು. ಬೆವರಿಗೆ ತಕ್ಕಷ್ಟು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಅದರಲ್ಲಿನ ಲವಣಗಳು ಹರಳುಗಟ್ಟುತ್ತವೆ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಹೆಚ್ಚಾಗಿ ತಾನೇ ಇಳಿದುಹೋಗುತ್ತದೆ. ಕರಾವಳಿಯ ಮನೆಗಳಲ್ಲಿ ಕುಡಿಯುವ ಬಾಳೆದಿಂಡಿನ ರಸದಿಂದ ಅಷ್ಟು ನೀರಾದರೂ ಒಳಗೆ ಸೇರುತ್ತದೆ; ಆದರೆ ದೊಡ್ಡ ಕಲ್ಲು ಅದಕ್ಕೆ ಕರಗುವುದಿಲ್ಲ.

ಆಘಾತ ತರಂಗ ಚಿಕಿತ್ಸೆಯನ್ನು (ಇಎಸ್‌ಡಬ್ಲ್ಯೂಎಲ್) ಮನುಷ್ಯನ ಮೇಲೆ ಮೊದಲು ನಡೆಸಿದ್ದು 1980ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಇದರಲ್ಲಿ ಗಾಯವೇ ಇಲ್ಲ. ಹೊರಗಿನಿಂದ ಬಿಟ್ಟ ಸಾವಿರಾರು ಅಲೆಗಳು ಕಲ್ಲಿನ ಮೇಲೆ ಕೂಡಿ ಅದನ್ನು ಒಡೆಯುತ್ತವೆ. ಪುಡಿ ಮೂತ್ರದಲ್ಲಿ ಹೋಗಬೇಕು. ಕಲ್ಲು ತೀರ ಗಟ್ಟಿಯಿದ್ದರೆ, ಮೂತ್ರಪಿಂಡದ ಕೆಳಮೂಲೆಯಲ್ಲಿ ಕೂತಿದ್ದರೆ ಫಲ ಕಡಿಮೆ, ಮತ್ತೆ ಮತ್ತೆ ಬರಬೇಕಾಗಬಹುದು. ಗರ್ಭಿಣಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಇದು ಸಲ್ಲದು.

ದೂರ್ಬೀನಿನ ದಾರಿಯಾದ ಯುಆರ್‌ಎಸ್‌ನಲ್ಲಿ ಮೂತ್ರದ್ವಾರದಿಂದಲೇ ಸಣ್ಣ ದೂರ್ಬೀನು ಏರಿಸಿ ಲೇಸರ್‌ನಿಂದ ಕಲ್ಲು ಒಡೆಯುತ್ತಾರೆ. ಮೂತ್ರನಾಳದ ಕೆಳಭಾಗದ ಕಲ್ಲಿಗೆ ಇದಕ್ಕಿಂತ ಖಚಿತವಾದದ್ದಿಲ್ಲ. ಸುಮಾರು 3 ಮಿ.ಮೀ. ದಪ್ಪದ ಬಳುಕುವ ದೂರ್ಬೀನು ಮೂತ್ರಪಿಂಡದ ಒಳಮೂಲೆಗಳನ್ನೂ ಮುಟ್ಟಬಲ್ಲದು. ಆಗ ಅದು ಆರ್‌ಐಆರ್‌ಎಸ್.

20 ಮಿ.ಮೀ. ಮೀರಿದ ಕಲ್ಲಿಗೆ ಬೆನ್ನಿನ ಕಿರುರಂಧ್ರದ ದಾರಿಯಾದ ಪಿಸಿಎನ್‌ಎಲ್ ಮೊದಲ ಆಯ್ಕೆ. 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಇದನ್ನು ಪ್ರಕಟಿಸಿದರು. ಬೆನ್ನಿನಲ್ಲಿ ಒಂದು ಸೆಂ.ಮೀ.ನಷ್ಟು ರಂಧ್ರ ಮಾಡಿ ನೇರ ಮೂತ್ರಪಿಂಡಕ್ಕೆ ಇಳಿಯುವುದು ಕ್ರಮ. ರಕ್ತಸ್ರಾವದ ಅಪಾಯ ಉಳಿದೆರಡಕ್ಕಿಂತ ಹೆಚ್ಚು, ಆದರೆ ದೊಡ್ಡ ಕಲ್ಲು ಒಂದೇ ಬಾರಿಗೆ ಹೋಗುವ ಭರವಸೆಯೂ ಹೆಚ್ಚು. ರಂಧ್ರವನ್ನು ಇನ್ನೂ ಕಿರಿದಾಗಿಸಿದ್ದು ಮಿನಿ-ಪರ್ಕ್.

ಮಲ್ಪೆಯಿಂದ ಹತ್ತು-ಹನ್ನೆರಡು ಕಿ.ಮೀ. ದೂರದಲ್ಲಿ, 1953ರಲ್ಲಿ ಟಿ.ಎಂ.ಎ. ಪೈ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂತ್ರಾಂಗ ಶಸ್ತ್ರಚಿಕಿತ್ಸೆಯ ವಿಭಾಗವಿದೆ. ತಜ್ಞರು ಸಿ.ಟಿ. ಸ್ಕ್ಯಾನಿನಲ್ಲಿ ಅಳತೆ, ಜಾಗ, ಗಡಸುತನ ನೋಡುತ್ತಾರೆ. ಬೋಟಿನ ಕೆಲಸಗಾರನ ವಿಷಯದಲ್ಲಿ ಇನ್ನೊಂದನ್ನೂ ಕೇಳಲೇಬೇಕು: ಮತ್ತೆ ಕಡಲಿಗೆ ಹೋಗುವುದು ಯಾವಾಗ? ಪುಡಿ ಇಳಿಯುತ್ತಿರುವಾಗ ನಡುಗಡಲಲ್ಲಿ ನೋವು ಎದ್ದರೆ ದಡ ಸೇರಲು ದಿನವೇ ಬೇಕಾದೀತು. ಆದ್ದರಿಂದ ಅವನಿಗೆ ಸಾಮಾನ್ಯವಾಗಿ ಒಂದೇ ಸಲ ಮುಗಿಯುವ ದೂರ್ಬೀನಿನ ಚಿಕಿತ್ಸೆ ಹೆಚ್ಚು ಹೊಂದುತ್ತದೆ.

ಚಿಕಿತ್ಸೆಯ ಬಳಿಕ ಹಲವೊಮ್ಮೆ ಒಳಗೆ ಉಳಿಯುವ ಡಿಜೆ ಸ್ಟೆಂಟನ್ನು ಮರೆಯಬಾರದು. ಎರಡೂ ತುದಿ ಸುರುಳಿಯಾದ ಈ ಮೃದು ಕೊಳವೆ ಮೂತ್ರಕ್ಕೆ ದಾರಿ ಬಿಡಿಸುತ್ತದೆ. ಅದು ಇರುವಷ್ಟು ದಿನ ಉರಿ, ಪದೇ ಪದೇ ಮೂತ್ರದ ಒತ್ತಡ ಸಾಮಾನ್ಯ. ನೋವು ಹೋಯಿತೆಂದು ತೆಗೆಸದೆ ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಬೆಳೆಯಬಹುದು.

ಜೂನ್-ಜುಲೈನ ಮೀನುಗಾರಿಕೆ ನಿಷೇಧದ 61 ದಿನಗಳಿಗೆ ಚಿಕಿತ್ಸೆಯನ್ನು ಮುಂದೂಡುವ ಆಸೆ ಸಹಜ. ತಡೆಯಿಲ್ಲದ, ನೋವಿಲ್ಲದ ಕಲ್ಲಿಗೆ ವೈದ್ಯರು ಒಪ್ಪಿದರೆ ಅದು ಸರಿ. ನಾಳ ಕಟ್ಟಿಕೊಂಡು ಜ್ವರ, ಚಳಿ ಬಂದರೆ ಒಂದು ದಿನವೂ ಕಾಯುವಂತಿಲ್ಲ: ಮೊದಲು ಸ್ಟೆಂಟ್ ಅಥವಾ ಬೆನ್ನಿನಿಂದ ಕೊಳವೆ ಹಾಕಿ ಸೋಂಕಿನ ಮೂತ್ರ ಹರಿಸುತ್ತಾರೆ, ಕಲ್ಲಿನ ಕೆಲಸ ಸೋಂಕು ಇಳಿದ ಮೇಲೆ.