ಬಾಕಿ ಉಳಿದ ಕಥೆ: ‘ಹಾರ್ಟ್ಸ್ ಆಫ್ ಸ್ಟೋನ್’ ವಿಸ್ತರಣೆಯ ಮರುಓದು

ಕೊಟ್ಟೂರು ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಸಾರಥಿ ಗೊತ್ತು. ಕುಣಿಯುತ್ತ ಬಂದ ಪಾತ್ರಧಾರಿಯನ್ನು ಅವನು ತಡೆದು, ತಾವು ಯಾರು, ಯಾವ ಪಟ್ಟಣದವರು, ಈ ಸಭಾಸ್ಥಾನಕ್ಕೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಮಾಸ್ತರರ ಮುಂದೆ ತಾಲೀಮು ಮಾಡಿದ ಮನುಷ್ಯ ಉತ್ತರ ಕೊಟ್ಟ ಗಳಿಗೆಯಿಂದ ಬಭ್ರುವಾಹನನಾಗುತ್ತಾನೆ. ವಿಡಿಯೊ ಗೇಮಿನಲ್ಲಿ ‘ರೋಲ್ ಪ್ಲೇಯಿಂಗ್’ ಎಂಬ ಪ್ರಕಾರವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾದಾಗ ನಾನು ‘ಪಾರ್ಟು ಹಾಕೋ ಆಟ’ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವ ಪ್ರಸಂಗ ಈವರೆಗೆ ಬಂದಿಲ್ಲ.

ಈ ಲೇಖನದ ವಿಷಯ ಅಂಥದೊಂದು ಆಟಕ್ಕೆ ಆಮೇಲೆ ಸೇರಿಸಿದ ಕಥೆ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆ ‘ದಿ ವಿಚರ್ 3’ ಆಟವನ್ನು 2015ರ ಮೇ 19ರಂದು ಬಿಡುಗಡೆ ಮಾಡಿತು. ‘ಹಾರ್ಟ್ಸ್ ಆಫ್ ಸ್ಟೋನ್’ ಎಂಬ ವಿಸ್ತರಣೆ ಅದೇ ವರ್ಷ ಅಕ್ಟೋಬರ್ 13ರಂದು ಬಂತು. ಎರಡನೆಯದಾದ ‘ಬ್ಲಡ್ ಆ್ಯಂಡ್ ವೈನ್’ 2016ರ ಮೇ 31ರಂದು ಬಂತು. ಅದು ದೊಡ್ಡದು, ಅದಕ್ಕೆ ಹೊಸ ರಾಜ್ಯವೇ ಉಂಟು, ಕಣ್ಣಿಗೆ ಹಬ್ಬ. ಆದರೂ ಮರಳಿ ಆಡಬೇಕೆನಿಸಿದ್ದು ಹತ್ತು ತಾಸಿನಲ್ಲಿ ಮುಗಿಯುವ ಮೊದಲನೆಯದನ್ನೇ. ಯಾಕೆ ಎಂಬುದಕ್ಕೆ ಉತ್ತರ ಹುಡುಕಿದಾಗ ಅದು ನಮ್ಮ ಕಾವ್ಯಪರಂಪರೆಯ ಬಳಿಯೇ ಸಿಕ್ಕಿತು.

ಒಂದು ಕಥೆಗೆ ಇನ್ನೊಂದನ್ನು ಕೂಡಿಸುವುದು ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸ ಗದಾಪರ್ವಕ್ಕೆ, ಹತ್ತು ಪರ್ವಗಳಿಗೆ, ಭಾರತವನ್ನು ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಬರೆದ. ಅದಕ್ಕೆ ಕೃಷ್ಣರಾಯ ಭಾರತ ಎಂದೇ ಹೆಸರು. ತಿಮ್ಮಣ್ಣನದು ಪೂರ್ತಿಗೊಳಿಸುವ ಕೆಲಸ. ಲಕ್ಷ್ಮೀಶನ ಜೈಮಿನಿ ಭಾರತದ ದಾರಿ ಬೇರೆ. ಅದೂ ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆಯೇ. ಆದರೆ ಅದರ ಬಭ್ರುವಾಹನ ಪ್ರಸಂಗ ಮುಂದಕ್ಕೆ ಹೋಗುತ್ತಲೇ ಹಿಂದಕ್ಕೆ ಕೈ ಚಾಚುತ್ತದೆ. ಶಿಖಂಡಿಯನ್ನು ಮುಂದಿಟ್ಟು ಭೀಷ್ಮನನ್ನು ಕೆಡವಿದ್ದಕ್ಕೆ ಗಂಗೆಯ ಶಾಪ ಇದೆ. ಅದು ಅರ್ಜುನನನ್ನು ಮಣಿಪುರದಲ್ಲಿ, ಸ್ವಂತ ಮಗನ ಬಾಣದಲ್ಲಿ ಬಂದು ಮುಟ್ಟುತ್ತದೆ. ಕುರುಕ್ಷೇತ್ರದಲ್ಲಿ ಗೆದ್ದವನ ಲೆಕ್ಕದಲ್ಲಿ ಬಾಕಿ ಇತ್ತು ಎಂದು ಓದುಗನಿಗೆ ನೆನಪಾಗುವುದು ಇಲ್ಲಿ. ಬಯಲಾಟದವರು ಈ ಪ್ರಸಂಗವನ್ನು ಬಿಡದೆ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ವಾದ ಇಷ್ಟೇ: ಸೇರಿಸಿದ ಕಥೆ ಮೂಲದ ನಂತರ ಬರುತ್ತದೋ ನಡುವೆ ಬರುತ್ತದೋ ಎಂಬುದು ಮುಖ್ಯವಲ್ಲ, ಮೂಲದಲ್ಲಿ ಯಾರೂ ಗಮನಿಸದ ಬಾಕಿಯೊಂದನ್ನು ಅದು ವಸೂಲಿ ಮಾಡುತ್ತದೋ ಇಲ್ಲವೋ ಎಂಬುದು ಮುಖ್ಯ.

‘ಹಾರ್ಟ್ಸ್ ಆಫ್ ಸ್ಟೋನ್’ನಲ್ಲಿ ವಸೂಲಿದಾರ ಪಾತ್ರವಾಗಿಯೇ ಬರುತ್ತಾನೆ. ಹೆಸರು ಗಾಂಟರ್ ಓ’ಡಿಮ್, ಒಂದು ಕಾಲದ ಕನ್ನಡಿ ವ್ಯಾಪಾರಿ. ಮೂಲ ಆಟದ ಆರಂಭದಲ್ಲೇ, ವೈಟ್ ಆರ್ಚರ್ಡ್ ಊರಿನ ಛತ್ರದಲ್ಲಿ, ಹರಕು ಬಟ್ಟೆಯ ಅಲೆಮಾರಿಯಾಗಿ ಕೂತು ನಾಯಕ ಗೆರಾಲ್ಟ್‌ಗೆ ಅವನು ಹುಡುಕುತ್ತಿದ್ದ ಪ್ರೇಯಸಿ ಯೆನ್ನೆಫರ್‌ಳ ಸುಳಿವು ಕೊಟ್ಟವನೇ ಇವನು. ಮೊದಲ ಸಲ ಆಡಿದಾಗ ನಾನು ಅವನ ಮುಖವನ್ನೂ ನೆನಪಿಟ್ಟಿರಲಿಲ್ಲ. ವಿಸ್ತರಣೆಯಲ್ಲಿ ಗೆರಾಲ್ಟ್ ಸೆರೆಯಾಳಾಗಿ ಹಡಗಿನ ತಳದಲ್ಲಿ ಬಿದ್ದಿರುವಾಗ ಅದೇ ಮನುಷ್ಯ ಬಂದು ಬಿಡಿಸುವ ಮಾತಾಡುತ್ತಾನೆ, ಬದಲಿಗೆ ಮುಖದ ಮೇಲೆ ಗುರುತೊತ್ತುತ್ತಾನೆ. ಮರುಆಟದಲ್ಲಿ ಛತ್ರದ ಆ ಪುಟ್ಟ ಸಂಭಾಷಣೆ ತೀರ ಬೇರೆಯಾಗಿ ಕೇಳಿಸಿತು. ಮೂಲದ ಒಂದಕ್ಷರವನ್ನೂ ತಿದ್ದದೆ ಅದರ ಅರ್ಥ ತಿದ್ದಿದ ಬಗೆ ಇದು.

ಬಿಡುಗಡೆಯ ಋಣಕ್ಕೆ ಗೆರಾಲ್ಟ್ ತೀರಿಸಬೇಕಾದ್ದು ಓಲ್ಗೆರ್ಡ್ ಫಾನ್ ಎವೆರೆಕ್ ಎಂಬ ಸರದಾರನ ಮೂರು ಬಯಕೆಗಳನ್ನು. ಅವನು ಓ’ಡಿಮ್‌ನೊಂದಿಗೆ ಕರಾರು ಮಾಡಿಕೊಂಡು ಸಾವಿಲ್ಲದವನಾದ, ಎದೆ ಕಲ್ಲಾಯಿತು, ತಮ್ಮ ವ್ಲೊಡಿಮಿರ್ ಬಲಿಯಾದ. ಮೂರರಲ್ಲಿ ಬೊರ್ಸೋಡಿ ಮನೆತನದ ಕಳ್ಳತನ ರಂಜನೆಯದು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸತ್ತ ತಮ್ಮನಿಗೆ ಒಂದು ರಾತ್ರಿ ಮಜಾ ಮಾಡಿಸಬೇಕು ಎಂಬ ಬಯಕೆಯಲ್ಲಿ ಮಾತ್ರ ಪ್ರಕಾರವೇ ತನ್ನನ್ನು ತಾನು ನೋಡಿಕೊಳ್ಳುತ್ತದೆ. ವ್ಲೊಡಿಮಿರ್‌ನ ಪ್ರೇತ ಗೆರಾಲ್ಟ್‌ನ ಮೈಯೊಳಗೆ ಸೇರಿ ಮದುವೆಯೊಂದಕ್ಕೆ ಹೋಗುತ್ತದೆ. ಆಡುವವನು ಗೆರಾಲ್ಟ್‌ನ ವೇಷದಲ್ಲಿ, ಗೆರಾಲ್ಟ್ ವ್ಲೊಡಿಮಿರ್‌ನ ವೇಷದಲ್ಲಿ. ಮೈಮೇಲೆ ಬರುವುದು ಎಂದರೇನು ಎಂದು ಮೈಲಾರದ ಗೊರವರನ್ನು ಕಂಡ ಹಡಗಲಿ, ಕೂಡ್ಲಿಗಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಆ ರಾತ್ರಿಯ ಹಾಸ್ಯದ ತಳದಲ್ಲಿ ಗಡುವು ಇದೆ: ಹೊತ್ತು ಮೀರಿದರೆ ಸತ್ತವನು ಸತ್ತಲ್ಲಿಗೇ ಹೋಗಬೇಕು.

ಮೂರನೆಯ ಬಯಕೆ, ಹೆಂಡತಿ ಐರಿಸ್‌ಗೆ ಕೊಟ್ಟಿದ್ದ ನೇರಳೆ ಗುಲಾಬಿ. ಗೆರಾಲ್ಟ್ ಚಿತ್ರಪಟದೊಳಗೆ ಹೊಕ್ಕು, ಕಲ್ಲಾದ ಗಂಡನ ಜೊತೆ ಬದುಕಿ ಬತ್ತಿಹೋದ ಹೆಣ್ಣಿನ ನೆನಪುಗಳ ನಡುವೆ ನಡೆಯಬೇಕು. ಗುಲಾಬಿ ಕಿತ್ತರೆ ಅವಳ ಲೋಕ ಮುಗಿಯುತ್ತದೆ. ಗಂಡಸಿನ ಕರಾರಿಗೆ ಬಡ್ಡಿ ಕಟ್ಟಿದವಳು ಇವಳು. ಇಷ್ಟು ಸಾವಧಾನದ ದಾಂಪತ್ಯಚಿತ್ರ ಮೂಲ ಆಟದಲ್ಲಿ ನನಗೆ ಸಿಕ್ಕಿಲ್ಲ.

ಕಥೆಯ ಬೇರು ಪೋಲೆಂಡಿನ ಜನಪದದಲ್ಲಿದೆ. ಕ್ರಾಕುವ್‌ನ ಮಾಂತ್ರಿಕ ತ್ವಾರ್ದೋವ್ಸ್ಕಿ ಸೈತಾನನಿಗೆ ಆತ್ಮ ಮಾರಿಕೊಂಡ. ತನ್ನನ್ನು ರೋಮ್‌ನಲ್ಲಿ ಮಾತ್ರ ಒಯ್ಯಬೇಕೆಂದು ಷರತ್ತು ಹಾಕಿ, ಆ ಊರಿಗೇ ಹೋಗದೆ ತಪ್ಪಿಸಿಕೊಂಡ. ಕೊನೆಗೆ ‘ರೋಮ್’ ಎಂಬ ಹೆಸರಿನ ಛತ್ರದಲ್ಲಿ ಸಿಕ್ಕಿಬಿದ್ದ. ಸೈತಾನ ಒಯ್ಯುವಾಗ ದಾರಿಯಲ್ಲಿ ಬಿದ್ದು, ಚಂದ್ರನ ಮೇಲೆ ಈಗಲೂ ಕೂತಿದ್ದಾನೆ ಎನ್ನುತ್ತಾರೆ. 1822ರಲ್ಲಿ ಆಡಮ್ ಮಿಟ್ಸ್ಕ್ಯೇವಿಚ್ ಇದನ್ನು ಲಾವಣಿಯಾಗಿಸಿದ. ಆಟದವರು ಊರಿನ ಹೆಸರನ್ನು ಬಿಟ್ಟು ಚಂದ್ರನನ್ನು ಹಿಡಿದರು: ಚಂದ್ರನ ಮೇಲೆ ನಿಂತಾಗ ಲೆಕ್ಕ ತೀರುವುದು ಎಂದು ಕರಾರು, ಓಲ್ಗೆರ್ಡ್ ನಿಂತದ್ದು ಗುಡಿಯ ನೆಲದಲ್ಲಿ ಕಲ್ಲಿನಿಂದ ಮೂಡಿಸಿದ ಚಂದ್ರನ ಮೇಲೆ. ಹಿರಣ್ಯಕಶಿಪುವಿನ ಹೊಸ್ತಿಲು ನೆನಪಾಗದೆ ಇರದು. ಆದರೆ ಹೋಲಿಕೆಯನ್ನು ಎಳೆಯಬಾರದು. ನಮ್ಮಲ್ಲಿ ವರ ಪಡೆದವನು ದುಷ್ಟ, ಸಂದು ಹುಡುಕುವವನು ದೇವರು. ಇಲ್ಲಿ ಮಾತಿನ ಸಂದು ಹುಡುಕುವವನೇ ಕೇಡು, ಸಿಕ್ಕಿಬಿದ್ದವನ ಮೇಲೆ ನಮಗೆ ಕನಿಕರ.

ಆ ಕನಿಕರ ಎಷ್ಟು ಎಂಬುದನ್ನು ಆಟ ನಮಗೇ ಬಿಡುತ್ತದೆ. ಹತ್ತು ವರ್ಷದ ಹಿಂದೆ ನಾನು ಸುಮ್ಮನೆ ನಿಂತೆ. ಓ’ಡಿಮ್ ತನ್ನದನ್ನು ಒಯ್ದ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಿದ್ದೆ. ಈ ಸಲ ಅಡ್ಡ ಹೋದೆ. ಓ’ಡಿಮ್ ಒಡ್ಡಿದ ಒಗಟಿಗೆ ಉತ್ತರ ಪ್ರತಿಬಿಂಬ, ಅದನ್ನು ಹುಡುಕಬೇಕಾದ್ದು ಕನ್ನಡಿಗಳೆಲ್ಲ ಒಡೆದ ಲೋಕದಲ್ಲಿ, ಹರಿಯುವ ನೀರಿನಲ್ಲಿ. ಕನ್ನಡಿ ವ್ಯಾಪಾರಿ ಸೋತ. ಎದೆ ಮರಳಿ ಬಂದ ಓಲ್ಗೆರ್ಡ್‌ಗೆ ಹೆಂಡತಿ, ತಮ್ಮ ಎಲ್ಲರೂ ಒಟ್ಟಿಗೆ ನೆನಪಾದರು. ಹೋಗುವಾಗ ಅವನು ಗೆರಾಲ್ಟ್‌ಗೆ ತನ್ನ ಕತ್ತಿ ಕೊಟ್ಟ. ಅದರ ಹೆಸರು ಐರಿಸ್. ನಾನು ಈ ವಿಸ್ತರಣೆಯನ್ನು ಮುಖ್ಯ ಕಥೆಯ ನಡುವೆಯೇ ಆಡಿದ್ದರಿಂದ, ಕೊನೆಗೆ ಹಡಗಿನ ಮೇಲೆ ಆ ಕಥೆಯ ಖಳನಾಯಕ ಎರೆಡಿನ್‌ನನ್ನು ಎದುರಿಸುವಾಗ ಗೆರಾಲ್ಟ್‌ನ ಕೈಯಲ್ಲಿದ್ದದ್ದು ಅದೇ ಕತ್ತಿ.