ಕುಡಿಯದವರ ಲಿವರ್ ಕತೆ

1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಬಗ್ಗೆ ಬರೆದರು. ಕೊಬ್ಬು ತುಂಬಿ ಊದಿಕೊಂಡ ಅವರ ಲಿವರ್ ನೋಡಿದ್ರೆ ಕುಡುಕರದ್ದೇ ಅನ್ನೋ ಹಾಗಿತ್ತು. ಆದರೆ ಅವರು ಕುಡುಕರಲ್ಲ! "ನಾನು ಕುಡಿಯಲ್ಲ" ಅನ್ನೋ ಮಾತಿಗೆ ಆಗ ವೈದ್ಯಶಾಸ್ತ್ರದ ಸಾಕ್ಷಿ ಸಿಕ್ಕಿತು.

2008ರಲ್ಲಿ ಡಲ್ಲಾಸ್‌ನ ಅಧ್ಯಯನವೊಂದು, ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪ ಇದ್ದವರ ಲಿವರ್‌ನಲ್ಲಿ ಕೊಬ್ಬು ಹೆಚ್ಚು ಎಂದು ತೋರಿಸಿತು. ಹಾಗಾದ್ರೆ ಫ್ಯಾಟಿ ಲಿವರ್ ಅನ್ನೋದು ಹಣೆಬರಹವೇ? ಪೂರ್ತಿ ಅಲ್ಲ. ಡಿಎನ್‌ಎ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಕೂರುತ್ತವೆ. ಜೀನ್ ಎಷ್ಟು ಕೆಲಸ ಮಾಡುತ್ತೆ ಅನ್ನೋದರಲ್ಲಿ ಅವುಗಳ ಕೈವಾಡವೂ ಇದೆ.

2013ರಲ್ಲಿ ಜರ್ಮನಿಯ ಸಂಶೋಧಕರು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ರೋಗಿಗಳ ಲಿವರ್ ಪರೀಕ್ಷಿಸಿದರು. ಕೆಲವು ಗುರುತುಗಳು ಬದಲಾಗಿದ್ದವು. ಅಪ್ಪ-ಅಮ್ಮನಿಂದ ಬಂದ ಜೀನ್ ಹಾಗೇ ಉಳಿದರೂ, ಅದರ ಮೇಲಿನ ಗುರುತು ಬದಲಾಗಬಹುದು.